ಮಂಡಕ್ಕಿಯ ತೆರಿಗೆಗೂ ಸದನದ ಒಪ್ಪಿಗೆ ಬೇಕು

ಮಾನ್ಯ ಸಂಪಾದಕರೇ,

ಚೌಕಿಪೇಟೆಯ ಕಿರಾಣಿ ಅಂಗಡಿಗಳಿಗೆ, ಮಂಡಕ್ಕಿ ವ್ಯಾಪಾರಿಗಳಿಗೆ ಲೆಕ್ಕ ಬರೆದು ಜಿಎಸ್‌ಟಿ ರಿಟರ್ನ್ ತುಂಬಿಕೊಡುವುದು ನನ್ನ ಕಸುಬು. 2022ರ ಜುಲೈ 13ರಂದು ಕೇಂದ್ರ ಸರ್ಕಾರದ ಒಂದು ಅಧಿಸೂಚನೆ ಹೊರಬಿತ್ತು. ಐದೇ ದಿನಕ್ಕೆ, 18ರಿಂದ, ಚೀಟಿ ಹಚ್ಚಿ ಕಟ್ಟಿದ 25 ಕಿಲೋವರೆಗಿನ ಮಂಡಕ್ಕಿ, ಅಕ್ಕಿಗೆ ಶೇ 5 ತೆರಿಗೆ ಬಿತ್ತು. ಮೊಸರಿನ ಪ್ಯಾಕೆಟ್ಟಿಗೂ ಬಿತ್ತು. ಅಂಗಡಿಗಳಲ್ಲಿ 26 ಕಿಲೋ ಅಕ್ಕಿ ಚೀಲ ಕಾಣಿಸಿಕೊಂಡದ್ದು ಆಮೇಲೆಯೇ.

'ಇದನ್ನ ಯಾರು ಪಾಸ್ ಮಾಡಿದ್ರು ಸ್ವಾಮಿ?' ಎಂದು ಒಬ್ಬ ವ್ಯಾಪಾರಿ ಕೇಳಿದರು. ಯಾವ ಸದನವೂ ಮತ ಹಾಕಿರಲಿಲ್ಲ. ಸಂಸತ್ತಿನ ಮುಂಗಾರು ಅಧಿವೇಶನ ಶುರುವಾದದ್ದೂ ಅದೇ ಜುಲೈ 18ಕ್ಕೆ. ಗದ್ದಲವಾಯಿತು, ಆಗಸ್ಟ್‌ನಲ್ಲಿ ಬೆಲೆ ಏರಿಕೆಯ ಮೇಲೆ ಚರ್ಚೆಯೂ ಆಯಿತು. ಆದರೆ ಈ ಅಧಿಸೂಚನೆಗೆ ಸದನದ ಒಪ್ಪಿಗೆ ಕೇಳಬೇಕೆಂದು ಕಾನೂನಿನಲ್ಲೇ ಇಲ್ಲ. ಕೇಂದ್ರ ಜಿಎಸ್‌ಟಿ ಕಾಯ್ದೆಯ 166ನೇ ಕಲಮಿನ ಪ್ರಕಾರ ಅದನ್ನು 30 ದಿನ ಸದನದ ಮುಂದೆ ಇಟ್ಟರೆ ಮುಗಿಯಿತು. ಎರಡೂ ಸದನಗಳು ಬೇಡವೆಂದರೆ ಮಾತ್ರ ರದ್ದು. ಯಾರೂ ತುಟಿ ಬಿಚ್ಚದಿದ್ದರೆ ತೆರಿಗೆ ಹಾಗೇ ನಿಲ್ಲುತ್ತದೆ.

ಸದನ ಸೇರದಿದ್ದಾಗ ಸರ್ಕಾರ ಹೊರಡಿಸುವ ಸುಗ್ರೀವಾಜ್ಞೆಗೂ ಇಷ್ಟು ಸಲೀಸಿಲ್ಲ. ಸದನ ಸೇರಿ ಆರು ವಾರದೊಳಗೆ ಅದು ಕಾಯ್ದೆಯಾಗದಿದ್ದರೆ ಬಿದ್ದುಹೋಗುತ್ತದೆ. 1975ರ ಕಸ್ಟಮ್ಸ್ ಟ್ಯಾರಿಫ್ ಕಾಯ್ದೆಯಲ್ಲಿ ಇನ್ನೂ ಒಳ್ಳೆಯ ಮಾದರಿಯಿದೆ: ತುರ್ತಾಗಿ ಆಮದು ಸುಂಕ ಏರಿಸಿದ ಅಧಿಸೂಚನೆಯನ್ನು ಸಂಸತ್ತಿನಲ್ಲಿ ಮಂಡಿಸಿ, 15 ದಿನದೊಳಗೆ ನಿರ್ಣಯ ತಂದು ಒಪ್ಪಿಗೆ ಕೇಳಬೇಕು. ಹೊರದೇಶದಿಂದ ಬರುವ ಸರಕಿಗೆ ಇರುವ ಈ ಕಟ್ಟುಪಾಡು ನಮ್ಮೂರ ಭಟ್ಟಿಯ ಮಂಡಕ್ಕಿಗೆ ಯಾಕಿರಬಾರದು?

ತೆರಿಗೆ ದರ ಶಿಫಾರಸು ಮಾಡುವ ಜಿಎಸ್‌ಟಿ ಮಂಡಳಿಯಲ್ಲಿ ರಾಜ್ಯಗಳ ಮಂತ್ರಿಗಳೇ ಕೂತಿರುತ್ತಾರಲ್ಲ ಎನ್ನುವವರಿದ್ದಾರೆ. ಇರುತ್ತಾರೆ, ನಿಜ. ಆದರೆ ಮಂತ್ರಿ ಸರ್ಕಾರದ ಪರ ಮಾತಾಡುತ್ತಾರೆ. ವಿರೋಧ ಪಕ್ಷದ ಶಾಸಕರಿಗೆ ಅಲ್ಲಿ ಕುರ್ಚಿಯಿಲ್ಲ. ಆ ಶೇ 5ರಲ್ಲಿ ಅರ್ಧ ರಾಜ್ಯದ ಖಜಾನೆಗೆ ಹೋಗುವಾಗ ನಮ್ಮ ವಿಧಾನಸಭೆ ಹೌದು ಅಥವಾ ಇಲ್ಲ ಎನ್ನಲೇಬೇಕು.

ಅಮೆರಿಕದಲ್ಲಿ ವರ್ಷಕ್ಕೆ 10 ಕೋಟಿ ಡಾಲರ್ ಅಥವಾ ಹೆಚ್ಚಿನ ಪರಿಣಾಮವಿರುವ ನಿಯಮಗಳು ಸಂಸತ್ತು ಒಪ್ಪುವ ತನಕ ಜಾರಿಯಾಗಕೂಡದೆಂಬ ಮಸೂದೆ 2011ರಲ್ಲಿ ಕೆಳಮನೆ ದಾಟಿತ್ತು, ಸೆನೆಟ್ ದಾಟಲಿಲ್ಲ. ಅಷ್ಟು ಬಿಗಿ ನನಗೂ ಬೇಡ. ನೆರೆಯೋ ರೋಗವೋ ಬಂದಾಗ ಸರ್ಕಾರದ ಕೈ ಕಟ್ಟಬಾರದು. ಅಧಿಸೂಚನೆ ಮೊದಲು ಜಾರಿಯಾಗಲಿ. ಜನರ ಊಟದ ಮೇಲೆ ತೆರಿಗೆ ಏರಿಸುವಂಥದ್ದಾದರೆ ಮುಂದಿನ ಅಧಿವೇಶನದಲ್ಲಿ ಮತಕ್ಕೆ ಬರಲಿ, ಒಪ್ಪಿಗೆ ಸಿಗದಿದ್ದರೆ ತಾನಾಗಿ ಬಿದ್ದುಹೋಗಲಿ.

ದಾವಣಗೆರೆಯ ಸಂಸದರು 166ನೇ ಕಲಮಿನ ತಿದ್ದುಪಡಿಗೆ ಖಾಸಗಿ ಮಸೂದೆ ಮಂಡಿಸಬಹುದು. ಜಿಲ್ಲೆಯ ಶಾಸಕರು ರಾಜ್ಯದ ಜಿಎಸ್‌ಟಿ ಕಾಯ್ದೆಗೆ ಅಂಥದ್ದೇ ತಿದ್ದುಪಡಿ ತರಬಹುದು. ಇದಕ್ಕೆ ಅವರು ಸಿದ್ಧರಿದ್ದಾರೆಯೇ ಎಂಬುದನ್ನು ಈ ಪತ್ರಿಕೆಯ ಮೂಲಕವೇ ತಿಳಿಸಬೇಕೆಂದು ಕೋರುತ್ತೇನೆ.

— ಒಬ್ಬ ಲೆಕ್ಕಪತ್ರ ಬರಹಗಾರ, ಚೌಕಿಪೇಟೆ, ದಾವಣಗೆರೆ