ಯೂನಿಫಾರ್ಮ್ ಬದಲಿ ಮಾಡೂ ಮೊದ್ಲ ಟೇಲರ್ ಮನಿ ಚಿಂದಿ ಚೀಲ ನೋಡ್ರಿ

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಹಳೇ ಹುಬ್ಬಳ್ಳಿಯೊಳಗ ಮನಿ ಮುಂದಿನ ಖೋಲ್ಯಾಗ ಟೇಲರಿಂಗ್ ಮಾಡಾಕಿ, 19 ವರ್ಷ ಆತು. ಮೇ ತಿಂಗಳ ಬಂತಂದ್ರ ಸಾಲಿ ಯೂನಿಫಾರ್ಮ್ ಹೊಲಿಯೂದ್ರಾಗ ಊಟಕ್ಕೂ ಪುರಸೊತ್ತಿರೂದಿಲ್ಲ. ಈ ಸಲ ಆದದ್ದು ಹೇಳ್ತೀನಿ. ನಮ್ಮ ಓಣಿಯಾಕಿ ಒಬ್ಬಾಕಿ ದೊಡ್ಡ ಮಗನ ಎರಡು ಜೋಡಿ ಯೂನಿಫಾರ್ಮ್ ತಂದು ಸಣ್ಣಾವಂಗ ಸರಿ ಮಾಡಿ ಕೊಡ್ರಿ ಅಕ್ಕಾ ಅಂದ್ಲು, ಬಟ್ಟಿ ಗಟ್ಟಿ ಇತ್ತು, ಕುಂದ್ರೂ ಜಾಗಾದಾಗ ಸ್ವಲ್ಪ ಹೊಳಪು ಬಂದಿತ್ತು ಅಷ್ಟ. ಎರಡು ವರ್ಷದ ಹಿಂದ ನಾನ ಹೊಲದ ಪ್ಯಾಂಟ್ ಅವು. ಕೆಳಗ 3 ಇಂಚು ಒಳಗ ಮಡಿಚಿದ್ದೆ, ಸೊಂಟದ ಹಿಂದ ಒಂದೂವರಿ ಇಂಚು ಬಿಟ್ಟಿದ್ದೆ, ಅದನ್ನ ಬಿಚ್ಚಿ ಬಿಚ್ಚಿ ಆ ಹುಡುಗ ಎರಡು ವರ್ಷ ಹಾಕ್ಕೊಂಡಿದ್ದ. ಈಗ ಮತ್ತ ತಿರಗಾ ಹಿಡದು ಕೊಟ್ಟೆ. ಎಂಟು ದಿನಕ್ಕ ಆಕಿ ಅದ ಚೀಲ ಹಿಡ್ಕೊಂಡು ವಾಪಸ್ ಬಂದ್ಲು, ಸಾಲಿಯವ್ರು ಈ ವರ್ಷದಿಂದ ಚೆಕ್ಸ್ ಬದಲಿ ಮಾಡ್ಯಾರಂತ, ಹಳೇದು ನಡಿಯೂದಿಲ್ಲಂತ.

ನಮ್ಮ ರಾಜ್ಯದ 1995ರ ಶಿಕ್ಷಣ ನಿಯಮದಾಗ ಸ್ಪಷ್ಟ ಐತಿ, ಒಮ್ಮೆ ಯೂನಿಫಾರ್ಮ್ ಗೊತ್ತು ಮಾಡಿದ ಮ್ಯಾಲೆ 5 ವರ್ಷ ಬದಲಿ ಮಾಡೂಹಂಗಿಲ್ಲ, ಬದಲಿ ಮಾಡೂದಿದ್ರ ಒಂದು ವರ್ಷ ಮೊದ್ಲ ಪಾಲಕರಿಗೆ ನೋಟಿಸ್ ಕೊಡ್ಬೇಕು. ಯಾರು ಕೇಳ್ಬೇಕು ಇದನ್ನ? ಕೇಳಿದ್ರ ಹುಡುಗನ ಮ್ಯಾಲೆ ಸಿಟ್ಟು ಮಾಡ್ತಾರೇನೋ ಅಂತ ಪಾಲಕರು ಸುಮ್ನಿರ್ತಾರ. ಒಂದು ಸಾಲಿಯಾಗ ಸಾವಿರ ಹುಡುಗ್ರು ಇದ್ರ, ತಲಿಗೆ ಎರಡು ಜೋಡಿ ಹಿಡದ್ರೂ ಎರಡು ಸಾವಿರ ಅಂಗಿ ಎರಡು ಸಾವಿರ ಪ್ಯಾಂಟ್ ಒಂದ ದಿನಕ್ಕ ಕಸ ಆಗಿಬಿಡ್ತಾವ.

ಕಸ ಯಾಕಂದ್ರ ಅದು ಟೆರಿಕಾಟ್, ಅಂದ್ರ ಹತ್ತಿ ಪಾಲಿಸ್ಟರ್ ಎರಡೂ ಕೂಡಿಸಿ ನೇಯ್ದ ಬಟ್ಟಿ. ಯೂನಿಫಾರ್ಮ್ ಅಂಗಿಯ ಒಂದು ಎಳಿ ಕಿತ್ತು ಕಡ್ಡಿ ಗೀರಿ ಹಚ್ಚಿ ನೋಡ್ರಿ. ಬರೇ ಹತ್ತಿ ಆದ್ರ ಕಾಗದ ಸುಟ್ಟ ವಾಸನಿ ಬಂದು ಬೂದಿ ಆಗಿ ಉದುರ್ತೈತಿ, ಪಾಲಿಸ್ಟರ್ ಆದ್ರ ಕರಗಿ ಕರೀ ಮಣಿಯಾಗಿ ಗಟ್ಟಿ ಆಗ್ತೈತಿ, ಟೆರಿಕಾಟ್ ಎರಡೂ ಮಾಡ್ತೈತಿ. ಹತ್ತಿ ಚಿಂದಿ ಆದ್ರ ಗ್ಯಾರೇಜಿನವ್ರು ಕೈ ಒರಸಾಕ ಒಯ್ತಾರ, ರಾಜಸ್ಥಾನದ ಸಾಂಗಾನೇರದಾಗ ಅದನ್ನ ಅರದು ಕಾಗದಾ ಮಾಡ್ತಾರ. ಪಾನಿಪತ್ತಿನಾಗ ಹಳೇ ಉಣ್ಣಿ ಸ್ವೆಟರ್ ಬಣ್ಣದ ಪ್ರಕಾರ ಬ್ಯಾರೆ ಮಾಡಿ, ಹರದು, ಎಳಿ ತಗದು ಕಂಬಳಿ ನೇಯ್ತಾರ, ಹೊಸದಾಗಿ ಬಣ್ಣಾನೂ ಹಾಕೂದು ಬೇಕಾಗೂದಿಲ್ಲ. ಎರಡು ನೂಲು ಕೂಡಿಸಿ ನೇಯ್ದದ್ದನ್ನ ಬ್ಯಾರೆ ಮಾಡೂದು ಮಾತ್ರ ಬಾಳ ಕಷ್ಟ, ಖರ್ಚೂ ಬಾಳ. ಅದಕ್ಕ ಅದು ಸೀದಾ ಕಾರವಾರ ರೋಡಿನ ಕಸದ ಗುಡ್ಡಕ್ಕ ಹೋಗ್ತೈತಿ.

ನಮ್ಮವ್ವ ಹೊಲದ ಕೌದಿ ಇನ್ನೂ ನಮ್ಮ ಮನ್ಯಾಗ ಐತಿ. ಅಪ್ಪನ ಧೋತರ, ಆಯಿ ಇಳಕಲ್ ಸೀರಿ, ನನ್ನ ಫ್ರಾಕಿನ ತುಂಡು ಎಲ್ಲಾ ಅದರಾಗ ಅದಾವ, ಅಂಚಿನಿಂದ ಚಾಲೂ ಮಾಡಿ ನಡುವಿಗೆ ಬರೂ ತನಕಾ ಸಣ್ಣ ಸಣ್ಣ ಟಾಕಾ. ನಾನೂ ಒಂದು ಹೊಲಿಯಾಕ ಹೋದೆ, ಈಗಿನ ಪಾಲಿಸ್ಟರ್ ಸೀರಿ ಹಾಕಿ. ಪದರ ಪದರ ಜಾರ್ತೈತಿ, ಹೊಚ್ಕೊಂಡ್ರ ಬೆವರು ಹೀರೂದಿಲ್ಲ. ಹಳೇ ಸೀರಿ ಕೊಟ್ರ ಸ್ಟೀಲ್ ಪಾತ್ರಿ ಕೊಡೂ ಹೆಣಮಕ್ಕಳೂ ಈಗ ಕೈಯಾಗ ಹಿಡದು ತಿಕ್ಕಿ ನೋಡಿ ಬ್ಯಾಡ ಅಂತಾರ.

ನಾ ಹೇಳೂದಿಷ್ಟ. ಬಟ್ಟಿ ಹರದ ಮ್ಯಾಲೆ ರೀಸೈಕಲ್ ರೀಸೈಕಲ್ ಅಂದ್ರ ಆಗೂದಿಲ್ಲ, ಕತ್ತರಿ ಹಾಕೂ ಮೊದ್ಲ ವಿಚಾರ ಮಾಡ್ಬೇಕು. ರೆಡಿಮೇಡ್ ಪ್ಯಾಂಟ್ ತಿರುವಿ ನೋಡ್ರಿ, ಹೊಲಗಿ ಪಕ್ಕ ಕಾಲು ಇಂಚು ಬಿಟ್ಟು ಓವರ್‌ಲಾಕ್ ಹೊಡದಿರ್ತಾರ, ನಾ ಬಿಚ್ಚಿ ದೊಡ್ಡದು ಮಾಡ್ಬೇಕಂದ್ರ ಬಟ್ಟೀನ ಇರೂದಿಲ್ಲ. ಆ ಒಂದು ಇಂಚು ಉಳಸೂ ಗಾರ್ಮೆಂಟ್ಸ್‌ನ್ಯಾಗ ಕಟಿಂಗ್ ಟೇಬಲ್ ಮ್ಯಾಲೆ ನೂರು ಮೀಟರಿಗೆ 10ರಿಂದ 15 ಮೀಟರ್ ತುಂಡಾಗಿ ಹೋಗ್ತೈತಿ ಅಂತ ಲೆಕ್ಕ ಹೇಳ್ತಾರ. ಫ್ರಾನ್ಸ್‌ನ್ಯಾಗ 2007ರಿಂದನ ಬಟ್ಟಿ ಮಾರೂ ಕಂಪನಿಗಳ ಕಡಿಂದ ಹಳೇ ಬಟ್ಟಿ ವಿಲೇವಾರಿಗೆ ರೊಕ್ಕ ತಗೊಳ್ಳೂ ಕಾನೂನು ಐತಿ, ಯುರೋಪಿನ ದೇಶದಾಗ 2025ರ ಜನವರಿಯಿಂದ ಬಟ್ಟಿ ಕಸ ಬ್ಯಾರೇನ ಕೂಡಸ್ಬೇಕು. ಹತ್ತಿ ಬೆಳಿಯೂ ನಾಡು ನಮ್ಮದು, ಗರಗದ ಖಾದಿ, ಬೆಂಗೇರಿ ರಾಷ್ಟ್ರಧ್ವಜ, ಬೆಟಗೇರಿ ಸೀರಿ ಅಂತ ಹೆಮ್ಮೆಯಿಂದ ಹೇಳ್ಕೋತೀವಿ, ನಮಗ್ಯಾಕ ಆಗೂದಿಲ್ಲ?

ಶಿಕ್ಷಣ ಇಲಾಖೆಯವ್ರು ಆ 5 ವರ್ಷದ ನಿಯಮ ಖರೇನ ಜಾರಿ ಮಾಡ್ಲಿ, ಯೂನಿಫಾರ್ಮ್‌ಗೆ ಒಳಗ ಎರಡು ಇಂಚಾದ್ರೂ ಬಿಡ್ಬೇಕಂತ ಸಾಲಿಯವ್ರು ಆರ್ಡರ್ ಕೊಡೂವಾಗ ಬರೀಲಿ, ಹಳೇ ಯೂನಿಫಾರ್ಮ್ ಅದಲು ಬದಲು ಮಾಡ್ಕೊಳ್ಳಾಕ ಮೇ ತಿಂಗಳದಾಗ ಒಂದು ದಿನ ಸಾಲಿ ಬಾಗಲಾ ತಗೀಲಿ. ಪಾಲಿಕೆಯವ್ರಿಗೆ ನನ್ನ ಕೈಮುಗದ ವಿನಂತಿ, ಹಸಿ ಕಸ ಒಣ ಕಸ ಅಂತ ಬ್ಯಾರೆ ತಗೊಳ್ಳಾಕ ಬರೂ ಟಿಪ್ಪರಿಗೆ ವಾರಕ್ಕೊಮ್ಮೆ ಬಟ್ಟಿಗೇ ಅಂತ ಒಂದು ಚೀಲ ಕಟ್ರಿ, ಒಮ್ಮೆ ಹಸಿ ಕಸದ ನೀರು ಹತ್ತಿದ ಚಿಂದಿ ಯಾರೂ ಮುಟ್ಟೂದಿಲ್ಲ. ನಮ್ಮ ಓಣ್ಯಾಗ ನಾಕು ಟೇಲರ್ ಅಂಗಡಿ ಅದಾವ, ನಾಕೂ ಅಂಗಡಿ ಚಿಂದಿ ಹತ್ತಿದು ಬ್ಯಾರೆ, ಟೆರಿಕಾಟ್ ಬ್ಯಾರೆ ಮಾಡಿ ಇಡೂ ಜವಾಬ್ದಾರಿ ನಂದು.

— ಒಬ್ಬ ಟೇಲರ್, ಹಳೇ ಹುಬ್ಬಳ್ಳಿ