ಎಡಗೈ ಕತ್ತರಿಯೆಂದು ಮಾರಿದ ಬಲಗೈ ಕತ್ತರಿಯ ಕುರಿತು ದೂರು

ಗೋಣಿಕೊಪ್ಪಲು, ಕೊಡಗು ಜಿಲ್ಲೆ
ದಿನಾಂಕ: 12 ಮೇ 2025

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಹೊಲಿಗೆ ಸಲಕರಣೆಗಳ ಆನ್‌ಲೈನ್ ಮಾರಾಟ ಸಂಸ್ಥೆ

ವಿಷಯ: ಎಡಗೈಯವರಿಗೆಂದು ವರ್ಣಿಸಿ ಮಾರಿದ 10 ಇಂಚಿನ ಟೈಲರ್ ಕತ್ತರಿಯ ಅಲಗುಗಳು ಬಲಗೈ ಜೋಡಣೆಯವಾಗಿರುವುದು, ಅದರಿಂದ ಆದ ನಷ್ಟ ಮತ್ತು ಪರಿಹಾರದ ಬಗ್ಗೆ.

ಮಾನ್ಯರೇ,

ಗೋಣಿಕೊಪ್ಪಲಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸಿಕೊಂಡು ಬಂದಿರುವ ನಾನು, ಕಳೆದ ಏಪ್ರಿಲ್ 9ರಂದು ನಿಮ್ಮ ಜಾಲತಾಣದಲ್ಲಿ ‘ಎಡಗೈಯವರಿಗಾಗಿಯೇ ತಯಾರಿಸಿದ್ದು’ ಎಂಬ ವಿವರಣೆಯೊಂದಿಗೆ ಮಾರಾಟಕ್ಕಿದ್ದ 10 ಇಂಚಿನ ಟೈಲರ್ ಕತ್ತರಿಯನ್ನು 1,480 ರೂಪಾಯಿ ಕೊಟ್ಟು ತರಿಸಿಕೊಂಡೆ. ಬಂದದ್ದು ಎಡಗೈ ಕತ್ತರಿಯಲ್ಲ. ಅದರ ಹಿಡಿ ಮಾತ್ರ ಎಡಗೈಗೆ ಹೊಂದುವಂತಿದೆ; ಅಲಗುಗಳು ಬಲಗೈ ಕತ್ತರಿಯಲ್ಲಿ ಹೇಗೆ ಕೂಡಿರುತ್ತವೆಯೋ ಹಾಗೆಯೇ ಕೂಡಿವೆ. ಇದನ್ನು ಎರಡು ಬಾರಿ ತಿಳಿಸಿದರೂ ‘ಉತ್ಪನ್ನದಲ್ಲಿ ದೋಷವಿಲ್ಲ’ ಎಂಬ ಉತ್ತರವೇ ನಿಮ್ಮ ಗ್ರಾಹಕ ಸೇವಾ ವಿಭಾಗದಿಂದ ಬಂದಿರುವುದರಿಂದ, ದೋಷ ಎಲ್ಲಿದೆ, ಅದು ಬಟ್ಟೆಯನ್ನು ಹೇಗೆ ಕೆಡಿಸುತ್ತದೆ ಎಂಬುದನ್ನು ವಿವರವಾಗಿಯೇ ಬರೆಯುತ್ತಿದ್ದೇನೆ.

ಕತ್ತರಿಯ ಮೊನೆಯನ್ನು ಮುಂದಕ್ಕೆ ಮಾಡಿ ಹಿಡಿದು ನೋಡಿದರೆ, ಬಲಗೈ ಕತ್ತರಿಯಲ್ಲಿ ಮೇಲಿನ ಅಲಗು ಬಲಗಡೆಗೆ ಇರುತ್ತದೆ, ಎಡಗೈ ಕತ್ತರಿಯಲ್ಲಿ ಎಡಗಡೆಗೆ ಇರುತ್ತದೆ. ಕತ್ತರಿಯನ್ನು ಮಗುಚಿ ಹಿಡಿದರೂ ಈ ಕ್ರಮ ಬದಲಾಗುವುದಿಲ್ಲ. ಎಡಗೈ ಕತ್ತರಿ ಬೇಕೆಂದರೆ ಅದನ್ನು ತಯಾರಿಸುವಾಗಲೇ ಅಲಗುಗಳನ್ನು ಅದಲುಬದಲು ಕೂಡಿಸಿ, ಅವುಗಳ ಬಾಯಿಯನ್ನು ಅದಕ್ಕೆ ತಕ್ಕಂತೆ ಸಾಣೆ ಹಿಡಿದಿರಬೇಕು. ಇದು ನೋಟದ ಮಾತಲ್ಲ. ಮನುಷ್ಯರು ಕತ್ತರಿಯನ್ನು ಮುಚ್ಚುವಾಗ ಬರಿದೇ ಹಿಡಿಯನ್ನು ಒತ್ತುವುದಿಲ್ಲ, ತಮಗೇ ತಿಳಿಯದಂತೆ ಹೆಬ್ಬೆರಳಿನಿಂದ ಹೊರಕ್ಕೆ ನೂಕಿ ಉಳಿದ ಬೆರಳುಗಳಿಂದ ಅಂಗೈ ಕಡೆಗೆ ಎಳೆಯುತ್ತಾರೆ. ಬಲಗೈಯಲ್ಲಿ ಬಲಗೈ ಕತ್ತರಿ ಇದ್ದಾಗ ಈ ನೂಕು ಮತ್ತು ಎಳೆತಗಳು ಎರಡು ಅಲಗುಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತವೆ, ಬಟ್ಟೆ ಸರಕ್ಕನೆ ತುಂಡಾಗುತ್ತದೆ. ಅದೇ ಕತ್ತರಿ ಎಡಗೈಗೆ ಬಂದರೆ ಅದೇ ಬಲ ತಿರುಗುಮುರುಗಾಗಿ ಅಲಗುಗಳನ್ನು ಒಂದರಿಂದೊಂದು ದೂರ ಸರಿಸುತ್ತದೆ. ನಡುವೆ ಕೂದಲೆಳೆಯಷ್ಟು ಸಂದು ಬಿದ್ದರೂ ತೆಳ್ಳನೆಯ ಬಟ್ಟೆ ತುಂಡಾಗುವ ಬದಲು ಆ ಸಂದಿನೊಳಕ್ಕೆ ಮಡಚಿಕೊಂಡು ಸಿಕ್ಕಿಬೀಳುತ್ತದೆ. ಇನ್ನೊಂದು ತೊಡಕು ಕಣ್ಣಿನದು. ಎಡಗೈಯವಳಾದ ನಾನು ಬಟ್ಟೆಯನ್ನು ಅಲಗಿನ ಬಲಬದಿಯಿಂದ ನೋಡುತ್ತೇನೆ. ಬಲಗೈ ಕತ್ತರಿಯಲ್ಲಿ ಮೇಲಿನ ಅಲಗು ನಿಂತಿರುವುದೂ ಅದೇ ಬದಿಯಲ್ಲಿ. ಹೀಗಾಗಿ ಚಾಕಿನಲ್ಲಿ ಎಳೆದ ಗೆರೆ ಅಲಗಿನ ಹಿಂದೆ ಮರೆಯಾಗಿ, ಕತ್ತರಿ ಎಲ್ಲಿ ಸಾಗುತ್ತಿದೆ ಎಂಬುದನ್ನು ಊಹೆಯಿಂದಲೇ ತಿಳಿಯಬೇಕಾಗುತ್ತದೆ.

ಇಷ್ಟು ವರ್ಷ ನಾನು ಬಲಗೈ ಕತ್ತರಿಯಲ್ಲಿಯೇ ಕೆಲಸ ಮಾಡಿದ್ದೇನೆ. ನನಗೆ ಕಟಿಂಗ್ ಕಲಿಸಿದವರ ಬಳಿ ಬೇರೆ ಕತ್ತರಿ ಇರಲಿಲ್ಲ, ಗೋಣಿಕೊಪ್ಪಲಿನಲ್ಲಾಗಲಿ ವಿರಾಜಪೇಟೆಯಲ್ಲಾಗಲಿ ಮಡಿಕೇರಿಯಲ್ಲಾಗಲಿ ನಾನು ಕೇಳಿದ ಯಾವ ಅಂಗಡಿಯಲ್ಲೂ ಎಡಗೈ ಕತ್ತರಿ ಸಿಗಲಿಲ್ಲ. ಹೆಬ್ಬೆರಳನ್ನು ಸಹಜವಾಗಿ ಹೊರಕ್ಕೆ ನೂಕುವ ಬದಲು ಒಳಕ್ಕೆ ಎಳೆದುಕೊಂಡು, ಮಣಿಕಟ್ಟನ್ನು ಸೊಟ್ಟ ಮಾಡಿ, ಅಲಗುಗಳನ್ನು ಬಲವಂತವಾಗಿ ಕೂಡಿಸಿ ಕತ್ತರಿಸುವುದನ್ನು ರೂಢಿ ಮಾಡಿಕೊಂಡೆ. ಈಗ ಆ ಮಣಿಕಟ್ಟು ಸಂಜೆಯ ಹೊತ್ತಿಗೆ ಊದಿಕೊಳ್ಳುತ್ತದೆ. ನಿಮ್ಮ ಕತ್ತರಿಯನ್ನು ತರಿಸಲು ಅದೇ ಕಾರಣ.

ಕತ್ತರಿ ಏಪ್ರಿಲ್ 16ರಂದು ಕೈಸೇರಿತು. ಮೊದಲು ಕಾಗದದ ಮೇಲೆ, ಆಮೇಲೆ ಒಂದು ಚೂರು ಕ್ಯಾನ್ವಾಸಿನ ಮೇಲೆ ಪ್ರಯೋಗಿಸಿ ನೋಡಿದೆ. ಎರಡನ್ನೂ ಅದು ಚೆನ್ನಾಗಿಯೇ ಕತ್ತರಿಸಿತು. ಬಿರುಸಾದ ವಸ್ತು ಸಂದಿನಲ್ಲಿ ಮಡಚಿಕೊಳ್ಳುವುದಿಲ್ಲವಾದ್ದರಿಂದ ಈ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ ಎಂಬುದು ನನಗೆ ಆಮೇಲೆ ಹೊಳೆಯಿತು. ಅಲಗು ಯಾವ ಕಡೆಗಿದೆ ಎಂದು ನಾನಾಗಿ ನೋಡಲಿಲ್ಲ. ಎಡಗೈಯವರ ಕತ್ತರಿಯೆಂದು ಬರೆದು, ಹಿಡಿಯ ಬಳೆಗಳನ್ನೂ ಎಡಗೈ ಹೆಬ್ಬೆರಳಿಗೆ ಒಪ್ಪುವಂತೆ ಕೊರೆದಿರುವಾಗ ಅಲಗು ಬಲಗೈಯದಾಗಿರಬಹುದೆಂಬ ಅನುಮಾನ ನನಗೆ ಬರಲು ಕಾರಣವೇ ಇರಲಿಲ್ಲ.

ಏಪ್ರಿಲ್ 18ರಂದು ಮದುಮಗನೊಬ್ಬನ ಕುಪ್ಯಕ್ಕಾಗಿ, ಅಂದರೆ ಕೊಡವ ಗಂಡಸರು ತೊಡುವ ಮೊಣಕಾಲುದ್ದದ ನಿಲುವಂಗಿಗಾಗಿ, ತಂದ ಬಿಳಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಇದೇ ಕತ್ತರಿಯನ್ನು ಹಚ್ಚಿದೆ. ಕೊಡವರ ಮದುವೆಯಲ್ಲಿ ನೆಂಟರೆಲ್ಲ ಕಪ್ಪು ಕುಪ್ಯ ತೊಟ್ಟರೂ ಮದುಮಗನದು ಬಿಳಿ ಕುಪ್ಯ. ಒಂದರ ಮೇಲೊಂದು ಬರುವ ಮುಂಭಾಗದ ಎರಡು ಮಗ್ಗುಲುಗಳು ಕುತ್ತಿಗೆಯಿಂದ ಮೊಣಕಾಲಿನವರೆಗೆ ಎಲ್ಲೂ ಮುರಿಯದ ಒಂದೇ ಗೆರೆಯಲ್ಲಿ ಇಳಿಯಬೇಕು, ಅದರ ಮೇಲೆ ಸೊಂಟಕ್ಕೆ ಕೆಂಪು ರೇಷ್ಮೆಯ ಪಟ್ಟಿಯಾದ ಚೇಲೆ ಕಟ್ಟಿದಾಗ ಅಂಚಿನ ಸಣ್ಣ ಡೊಂಕೂ ಎದ್ದು ಕಾಣುತ್ತದೆ. ಆ ಉದ್ದನೆಯ ಗೆರೆಗಾಗಿಯೇ 8 ಇಂಚಿನದನ್ನು ಬಿಟ್ಟು 10 ಇಂಚಿನ ಕತ್ತರಿಯನ್ನು ಆರಿಸಿದ್ದೆ, ಏಕೆಂದರೆ ಅಲಗು ಉದ್ದವಿದ್ದಷ್ಟೂ ಕತ್ತರಿಯನ್ನು ತೆರೆದು ಮುಚ್ಚುವ ಸಲಗಳು ಕಡಿಮೆಯಾಗಿ ಅಂಚು ನಯವಾಗಿ ಬರುತ್ತದೆ. ಇನ್ನು ನನ್ನ ಕೈಯನ್ನು ಸೊಟ್ಟ ಮಾಡಬೇಕಾಗಿಲ್ಲ ಎಂಬ ನಂಬಿಕೆಯಿಂದ ಹೆಬ್ಬೆರಳನ್ನು ಸಹಜವಾಗಿ ಬಿಟ್ಟು ಕತ್ತರಿಸಿದೆ. ನಾಲ್ಕನೆಯ ಸಲಕ್ಕೆ ಜೋಡಿ ಮಡಿಕೆಯ ಕೆಳಪದರ ಅಲಗುಗಳ ನಡುವೆ ಸಿಕ್ಕಿ, ಬಿಡಿಸಿ ನೋಡುವಷ್ಟರಲ್ಲಿ ಗೆರೆಯಿಂದ ಅರ್ಧ ಇಂಚಿನಷ್ಟು ಒಳಕ್ಕೆ ಹರಿದುಹೋಗಿತ್ತು. ಅಂಚಿಗೆ ಬಿಟ್ಟಿದ್ದ ಬಟ್ಟೆ ಅದಕ್ಕಿಂತ ಕಡಿಮೆ ಇತ್ತು.

ಈ ಸಂಗತಿಯನ್ನು ದಯವಿಟ್ಟು ಗಮನಿಸಿ: ನನ್ನ ಹಳೆಯ ಬಲಗೈ ಕತ್ತರಿಯಲ್ಲಿಯೇ, ನನ್ನ ಹಳೆಯ ರೂಢಿಯಲ್ಲಿಯೇ ಕತ್ತರಿಸಿದ್ದರೆ ಆ ಬಟ್ಟೆ ಕೆಡುತ್ತಿರಲಿಲ್ಲ. ನಿಮ್ಮ ವಿವರಣೆಯನ್ನು ನಂಬಿ ಕೈಯ ರೂಢಿಯನ್ನು ಬಿಟ್ಟಿದ್ದರಿಂದಲೇ ಕೆಟ್ಟಿತು. 1,950 ರೂಪಾಯಿಯ ಬಟ್ಟೆಯನ್ನು ನನ್ನ ಖರ್ಚಿನಲ್ಲಿ ಮತ್ತೆ ತಂದು, ಎರಡು ರಾತ್ರಿ ಕುಳಿತು ಕುಪ್ಯವನ್ನು ಹೊಲಿದುಕೊಟ್ಟೆ; ಮದುವೆಗೆ ತೊಂದರೆಯಾಗಲಿಲ್ಲ.

ವಾರದ ಸಂತೆಗೆ ಬರುವ ಸಾಣೆಯವರಿಗೆ ಕತ್ತರಿಯನ್ನು ತೋರಿಸಿದಾಗ ಅವರು ಅದನ್ನು ಒಮ್ಮೆ ತೆರೆದು ಮುಚ್ಚಿ, “ಅಕ್ಕಾ, ಇದು ಬಲಗೈ ಕತ್ತರಿಯೇ, ಹಿಡಿ ಮಾತ್ರ ಎಡಗೈದು ಹಾಕಿದ್ದಾರೆ. ಸಾಣೆ ಹಿಡಿದರೆ ನಿಮ್ಮ ದುಡ್ಡು ದಂಡ,” ಎಂದು ಹೇಳಿ ಹಿಂದಿರುಗಿಸಿದರು. ಸಂತೆಯಲ್ಲಿ ಕುಳಿತವರಿಗೆ ಅರ್ಧ ನಿಮಿಷದಲ್ಲಿ ಕಂಡದ್ದು ಕತ್ತರಿಯನ್ನೇ ಮಾರುವ ಸಂಸ್ಥೆಗೆ ಏಕೆ ಕಾಣಲಿಲ್ಲ ಎಂಬುದು ನನ್ನನ್ನು ಬಹಳ ನೋಯಿಸಿದೆ.

ಏಪ್ರಿಲ್ 20ರಂದು ನಾನು ಚಿತ್ರಗಳ ಸಮೇತ ಕಳುಹಿಸಿದ ದೂರಿಗೆ 24ರಂದು ಬಂದ ಉತ್ತರದಲ್ಲಿ ಮೂರು ಮಾತುಗಳಿದ್ದವು. ಹಿಡಿ ಎಡಗೈಗೆ ಅನುಗುಣವಾಗಿದೆ ಎಂಬುದು ಮೊದಲನೆಯದು. ಅದನ್ನು ನಾನು ಅಲ್ಲಗಳೆದೇ ಇಲ್ಲ. ಹಿಂದಿನ ಕಬ್ಬಿಣದ ಕತ್ತರಿಗಳಲ್ಲಿ ಬಳೆಗಳು ನೇರವಾಗಿದ್ದು ಯಾವ ಕೈಗಾದರೂ ಹಿಡಿಯಲು ಬರುತ್ತಿದ್ದವು, ಅಚ್ಚಿನಲ್ಲಿ ಎರಕ ಹೊಯ್ದ ಪ್ಲಾಸ್ಟಿಕ್ ಹಿಡಿಗಳು ಬಂದ ಮೇಲೆ ಅವು ಒಂದೇ ಕೈಗೆ ಒಪ್ಪುವಂತಾಗಿ ಎಡಗೈಯವರ ಬೆರಳುಗಳಿಗೆ ಒತ್ತತೊಡಗಿದವು. ಆದುದರಿಂದ ಹಿಡಿಯನ್ನು ಬದಲಿಸಿದ್ದು ಒಳ್ಳೆಯದೇ. ಆದರೆ ಬಟ್ಟೆಯನ್ನು ಕತ್ತರಿಸುವುದು ಹಿಡಿಯಲ್ಲ. ತಿರುಪನ್ನು ಬಿಗಿ ಮಾಡಿಕೊಳ್ಳಿ ಎಂಬುದು ಎರಡನೆಯದು. ಬಿಗಿ ಮಾಡಿ ನೋಡಿದೆ. ಸಂದು ಸ್ವಲ್ಪ ಕಡಿಮೆಯಾಯಿತು, ಆದರೆ ಕತ್ತರಿ ಬಿರುಸಾಗಿ ಒಂದು ರವಿಕೆಯ ಕಟಿಂಗ್ ಮುಗಿಯುವಷ್ಟರಲ್ಲಿ ಹೆಬ್ಬೆರಳ ಬುಡ ನೋಯತೊಡಗಿತು. ಹಾಗೆ ಬಿಗಿದ ಕತ್ತರಿಯ ಬಾಯಿಗಳು ಒಂದನ್ನೊಂದು ತಿಂದು ಬೇಗನೆ ಮೊಂಡಾಗುತ್ತವೆ, ಗೆರೆಯಂತೂ ಮೊದಲಿನ ಹಾಗೆಯೇ ಮರೆಯಾಗಿರುತ್ತದೆ. ಕತ್ತರಿಯನ್ನು ಈಗಾಗಲೇ ಬಳಸಿರುವುದರಿಂದ ಹಿಂದಕ್ಕೆ ಪಡೆಯಲಾಗುವುದಿಲ್ಲ ಎಂಬುದು ಮೂರನೆಯದು. ಬಟ್ಟೆಗೆ ಹಚ್ಚದೆ ಕತ್ತರಿಯ ಗುಣವನ್ನು ತಿಳಿಯುವ ದಾರಿ ಯಾವುದಿದೆ? ಮತ್ತೆ ಬರೆದಾಗ ‘ಸೌಜನ್ಯಕ್ಕಾಗಿ’ ಎಂದು ಬದಲಿ ಕತ್ತರಿಯೊಂದನ್ನು ಕಳುಹಿಸಿ, ದೋಷವಿಲ್ಲವೆಂಬ ಅದೇ ಮಾತನ್ನು ಜೊತೆಯ ಪತ್ರದಲ್ಲಿ ಬರೆದಿದ್ದೀರಿ. ಮೇ 2ರಂದು ಬಂದ ಆ ಕತ್ತರಿಯನ್ನು ಪಾರದರ್ಶಕ ಪೊಟ್ಟಣದ ಹೊರಗಿನಿಂದಲೇ ನೋಡಿದೆ: ಅದರ ಮೇಲಿನ ಅಲಗೂ ಬಲಕ್ಕೇ ಇದೆ. ಹಾಗಾಗಿ ಇದು ಒಂದು ಕತ್ತರಿಯಲ್ಲಿ ನುಸುಳಿದ ತಪ್ಪಲ್ಲ, ಈ ಹೆಸರಿನಲ್ಲಿ ನೀವು ಮಾರುತ್ತಿರುವ ಮಾಲೇ ಹೀಗಿದೆ ಎಂದು ತಿಳಿಯಬೇಕಾಗಿದೆ.

ನಿಮ್ಮ ಕತ್ತರಿಯ ಉಕ್ಕಿನ ಬಗ್ಗೆ ನನಗೆ ದೂರಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಉದ್ದ ಬರೆದಷ್ಟೇ ಇದೆ, ಬಾಯಿ ಹರಿತವಾಗಿದೆ, ಹಿಡಿ ಬಾಗಿರುವುದರಿಂದ ಕೆಳಗಿನ ಅಲಗು ಮೇಜಿನ ಮೇಲೆ ಒರಗಿ ಸಾಗುತ್ತದೆ, ಬಟ್ಟೆಯನ್ನು ಎತ್ತಿಹಿಡಿಯಬೇಕಾಗಿಲ್ಲ. ನನ್ನ ಹಳೆಯ ಕತ್ತರಿ ಮೀರತ್ತಿನದು. 2013ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಊರಿನ ಕತ್ತರಿಗಳು ಕಾರ್ಬನ್ ಉಕ್ಕಿನವಾದ್ದರಿಂದ ಎಷ್ಟು ಸಲ ಸಾಣೆ ಹಿಡಿಸಿದರೂ ಮತ್ತೆ ಹರಿತವಾಗುತ್ತವೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಮ್ಮ ಮಳೆಯಲ್ಲಿ ದಿನವೂ ಒರೆಸಿ ಮೆಷಿನ್ ಎಣ್ಣೆ ಸವರದಿದ್ದರೆ ಒಂದೇ ವಾರದಲ್ಲಿ ತುಕ್ಕು ಹಿಡಿದು ಬಿಳಿ ಬಟ್ಟೆಗೆ ಕಲೆ ಹತ್ತುತ್ತದೆ. ಸ್ಟೇನ್‌ಲೆಸ್ ಉಕ್ಕಿನ ನಿಮ್ಮ ಕತ್ತರಿ ಕೊಡಗಿನ ತೇವಕ್ಕೆ ಹೊಂದುವಂಥದ್ದು. ಬಲಗೈಯವರಿಗೆ ಬಲಗೈ ಕತ್ತರಿಯೆಂದೇ ಮಾರಿದ್ದರೆ ಅದನ್ನು ನಾನೇ ಹತ್ತು ಜನಕ್ಕೆ ಹೇಳುತ್ತಿದ್ದೆ.

ನನ್ನ ಬಳಿ ಈಗ ಇಬ್ಬರು ಹುಡುಗಿಯರು ಹೊಲಿಗೆ ಕಲಿಯುತ್ತಿದ್ದಾರೆ, ಅವರಲ್ಲಿ ಒಬ್ಬಳು ನನ್ನಂತೆಯೇ ಎಡಗೈಯವಳು. ಕತ್ತರಿ ಬಟ್ಟೆಯನ್ನು ಅಗಿದಾಗಲೆಲ್ಲ ಅವಳು ತನ್ನ ಕೈಯೇ ಸರಿಯಿಲ್ಲ ಎಂದುಕೊಳ್ಳುತ್ತಾಳೆ. ನಾನೂ ಕಲಿಯುವ ಕಾಲದಲ್ಲಿ ಹಾಗೆಯೇ ಅಂದುಕೊಂಡಿದ್ದೆ. ‘ಹೊಸ ಕತ್ತರಿ ಬರಲಿ, ಆಮೇಲೆ ನೋಡು’ ಎಂದು ಅವಳಿಗೆ ಧೈರ್ಯ ಹೇಳಿದ್ದೆ. ಬಂದ ಕತ್ತರಿಯೂ ಹಾಗೆಯೇ ಅಗಿದಾಗ ಅವಳು ಏನೂ ಮಾತಾಡದೆ ಚಾಕನ್ನು ಕೆಳಗಿಟ್ಟು ಕಾಜಾ ಹೊಲಿಯುವ ಕೆಲಸಕ್ಕೆ ಹೋದಳು. ಎಡಗೈಯವರಿಗೆಂದು ಬರೆದ ವಸ್ತು ಎಡಗೈಯವರಿಗೆ ಒದಗದಿದ್ದಾಗ ಅದನ್ನು ಕೊಂಡವರಲ್ಲಿ ಹೆಚ್ಚಿನವರು ದೂರು ಬರೆಯುವುದಿಲ್ಲ, ತಮ್ಮ ಕೈಯನ್ನೇ ಹಳಿದುಕೊಂಡು ಸುಮ್ಮನಾಗುತ್ತಾರೆ ಎಂದು ನನಗೆ ಅನ್ನಿಸುವುದರಿಂದಲೇ ಈ ಪತ್ರ ಇಷ್ಟು ಉದ್ದವಾಗಿದೆ.

ವಸ್ತುವನ್ನು ಸುಳ್ಳಾಗಿ ವರ್ಣಿಸುವ ಜಾಹೀರಾತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ದಾರಿ ತಪ್ಪಿಸುವ ಜಾಹೀರಾತೆಂದು ಪರಿಗಣಿಸುತ್ತದೆ. ಜಾಹೀರಾತಿನಲ್ಲಿ ಹೇಳಿದ ಗುಣಲಕ್ಷಣಗಳು ಇಲ್ಲದ ವಸ್ತುವನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲವೆಂದೂ, ದೂರು ತಲುಪಿದ್ದನ್ನು ಕುಂದುಕೊರತೆ ಅಧಿಕಾರಿಗಳು 48 ಗಂಟೆಗಳೊಳಗೆ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂದೂ 2020ರ ಇ-ಕಾಮರ್ಸ್ ನಿಯಮಗಳು ಹೇಳುತ್ತವೆ. ಆದುದರಿಂದ ಕತ್ತರಿಯ ಬೆಲೆ 1,480 ರೂಪಾಯಿ ಮತ್ತು ಹಾಳಾದ ಬಟ್ಟೆಯ ಬೆಲೆ 1,950 ರೂಪಾಯಿ, ಒಟ್ಟು 3,430 ರೂಪಾಯಿಯನ್ನು ಹಿಂದಿರುಗಿಸಬೇಕೆಂದೂ, ಎರಡು ಕತ್ತರಿಗಳನ್ನೂ ನಿಮ್ಮ ವೆಚ್ಚದಲ್ಲಿ ಹಿಂದಕ್ಕೆ ಪಡೆಯಬೇಕೆಂದೂ ಕೋರುತ್ತೇನೆ. ಎರಡು ರಾತ್ರಿಯ ಹೊಲಿಗೆಗೆ ನಾನು ಕೂಲಿ ಕೇಳುತ್ತಿಲ್ಲ.

ಇದಕ್ಕಿಂತ ಮುಖ್ಯವಾಗಿ, ಆ ಪುಟದಲ್ಲಿರುವ ವಿವರಣೆಯನ್ನು ತಿದ್ದಿ. ಹಿಡಿ ಮಾತ್ರ ಎಡಗೈಯದಾದರೆ ‘ಎಡಗೈ ಹಿಡಿ, ಬಲಗೈ ಅಲಗು’ ಎಂದೇ ಬರೆಯಿರಿ, ಮತ್ತು ಮೇಲಿನ ಅಲಗು ಯಾವ ಕಡೆಗಿದೆ ಎಂಬುದು ಕಾಣುವಂತೆ ಮೊನೆ ಮುಂದಾಗಿ ಇರಿಸಿದ ಒಂದು ಚಿತ್ರವನ್ನು ಹಾಕಿ. ಈಗಿನ ಚಿತ್ರದಲ್ಲಿ ಕತ್ತರಿ ಮುಚ್ಚಿಕೊಂಡು ಪೆಟ್ಟಿಗೆಯೊಳಗಿದ್ದು, ಕಾಣುವುದು ಹಿಡಿಯೊಂದೇ. ನಿಜವಾದ ಎಡಗೈ ಕತ್ತರಿ ನಿಮ್ಮಲ್ಲಿದ್ದರೆ, ಅಥವಾ ಮುಂದೆ ತರಿಸುವುದಾದರೆ, ದಯವಿಟ್ಟು ತಿಳಿಸಿ. ಅಲಗಿನ ಚಿತ್ರವನ್ನು ನೋಡಿ ಹಣ ಕೊಟ್ಟೇ ಎರಡನ್ನು ಕೊಳ್ಳುತ್ತೇನೆ, ಒಂದು ನನಗೆ, ಒಂದು ಆ ಹುಡುಗಿಗೆ.

ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ ಮಡಿಕೇರಿಯಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು, ಇಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ. ಬಿಲ್ಲಿನ ಪ್ರತಿ, ನಿಮ್ಮ ಪುಟದ ಮುದ್ರಿತ ಪ್ರತಿ, ಎರಡೂ ಕತ್ತರಿಗಳ ಮತ್ತು ಹರಿದ ಬಟ್ಟೆಯ ಚಿತ್ರಗಳು ಈ ಪತ್ರದ ಜೊತೆಗಿವೆ. ಎರಡನೆಯ ಕತ್ತರಿಯ ಪೊಟ್ಟಣವನ್ನು ನಾನು ಒಡೆದಿಲ್ಲ. ನಿಮ್ಮ ಕೊರಿಯರ್‌ನವರು ಬೆಳಿಗ್ಗೆ 10ರಿಂದ ಸಂಜೆ 6ರೊಳಗೆ ಯಾವ ದಿನ ಬಂದರೂ ಎರಡನ್ನೂ ಅಂಗಡಿಯಲ್ಲಿಯೇ ಕೊಡುತ್ತೇನೆ. ಮಳೆ ಹಿಡಿದ ಮೇಲೆ ಇಲ್ಲಿನ ರಸ್ತೆಗಳಲ್ಲಿ ಮರ ಬಿದ್ದು ವಾಹನಗಳು ತಡವಾಗುವುದರಿಂದ ಜೂನ್ ಮೊದಲ ವಾರದೊಳಗೆ ಕಳುಹಿಸಿದರೆ ಒಳ್ಳೆಯದು.

ಇಂತಿ ತಮ್ಮ ವಿಶ್ವಾಸಿ,
ಹೊಲಿಗೆ ಅಂಗಡಿಯ ಒಡತಿ,
ಗೋಣಿಕೊಪ್ಪಲು