ಪಲ್ಪರ್ ರಿಪೇರಿ ಕಲಿಸಿ ಸ್ವಾಮಿ: ಕೌಶಲ್ಯಾಭಿವೃದ್ಧಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕೌಶಲ್ಯಾಭಿವೃದ್ಧಿ ಸಚಿವರಿಗೆ,

ಚಿಕ್ಕಮಗಳೂರು ಜಿಲ್ಲೆಯ ಆಲ್ದೂರು ಕಡೆಯಿಂದ ನಮಸ್ಕಾರ. ತೋಟದವರ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮಿಷನ್), ಕಳೆ ಹೊಡೆಯುವ ಮಿಷನ್, ಸ್ಪ್ರಿಂಕ್ಲರ್ ಮೋಟಾರ್ ರಿಪೇರಿ ಮಾಡುವವನು ನಾನು. ಅಪ್ಪನ ಕಾಲದ ವರ್ಕ್‌ಶಾಪ್. ಅರ್ಜಿ ಬರೆದು, ಸೀಲು ಹಾಕಿಸಿಕೊಂಡು, ಅದರ ಪ್ರತಿಯನ್ನು ಡ್ರಾಯರಿನಲ್ಲಿ ಪೇರಿಸಿಡುತ್ತಾ ವರ್ಷಗಳೇ ಆದವು. ಇನ್ನು ನಾಲ್ಕು ಜನ ಓದುವ ಹಾಗೆ ಬರೆಯುವುದೊಂದು ಉಳಿದಿತ್ತು, ಬರೆಯುತ್ತಿದ್ದೇನೆ.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ಹುಡುಗರಿಗೆ ತೋಟದ ಮಿಷನ್ ರಿಪೇರಿಯನ್ನು ಇಲ್ಲೇ, ನಮ್ಮಂಥವರ ವರ್ಕ್‌ಶಾಪಿನಲ್ಲೇ, ಸ್ಟೈಪೆಂಡ್ ಕೊಟ್ಟು ಕಲಿಸಿ.

ಕಾಫಿ ಹಣ್ಣು ಕೊಯ್ದ ದಿನವೇ ಪಲ್ಪರಿಗೆ ಬೀಳಬೇಕು. ರಾಶಿ ಹಾಗೇ ಉಳಿದರೆ ಬಿಸಿಯಾಗಿ ಹುಳಿಯುತ್ತದೆ. ಡಿಸೆಂಬರಿನ ಸಂಜೆ ಪಲ್ಪರ್ ನಿಂತುಹೋದ ಬೆಳೆಗಾರರ ಧ್ವನಿ ಫೋನಿನಲ್ಲಿ ಹೇಗಿರುತ್ತದೆಂದು ನನಗೆ ಗೊತ್ತು. ಡ್ರಮ್ಮಿಗೂ ಎದುರಿನ ಪ್ಲೇಟಿಗೂ ನಡುವಿನ ಸಂದು ಚೂರು ಹೆಚ್ಚುಕಡಿಮೆಯಾದರೂ ಬೀಜಕ್ಕೆ ಗಾಯವಾಗುತ್ತದೆ. ಗಾಯದ ಬೀಜಕ್ಕೆ ರೇಟಿಲ್ಲ. ಆ ಸಂದನ್ನು ನಾವು ಅರ್ಧ ಕಣ್ಣಿನಿಂದ ನೋಡುತ್ತೇವೆ, ಅರ್ಧ ಕಿವಿಯಿಂದ ಹಿಡಿಯುತ್ತೇವೆ. ಒಂದು ಸೀಸನ್ ಪೂರ್ತಿ ಮಿಷನ್ ಪಕ್ಕ ನಿಂತವನಿಗೆ ಮಾತ್ರ ಅದು ಬರುತ್ತದೆ.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟು ಕರ್ನಾಟಕದ್ದೆಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತಾರೆ. ಗಿಡದ ಯೋಗಕ್ಷೇಮಕ್ಕೆ 1925ರಿಂದ ಬಾಳೆಹೊನ್ನೂರಿನ ಬಳಿ ಸಂಶೋಧನಾ ಕೇಂದ್ರವಿದೆ, ಸಂತೋಷ. ಮಿಷನ್ ಕೆಟ್ಟರೆ ನೋಡುವವರು ಯಾರು? ನಾನು, ಮತ್ತು ನನ್ನ ಹಾಗೇ ಮಂಡಿ ನೋವು ಹಿಡಿದ ಇನ್ನೊಂದಿಷ್ಟು ಜನ. ನಮ್ಮ ಕೈ ಸೋತ ಮೇಲೆ ಕೊಯಮತ್ತೂರಿನಿಂದ ಮೆಕ್ಯಾನಿಕ್ ಕರೆಸಬೇಕಾಗುತ್ತದೆ. ಅವನು ಬಂದು ಮುಟ್ಟುವ ಹೊತ್ತಿಗೆ ಹಣ್ಣು ಗೊಬ್ಬರ.

ಯೋಜನೆಗಳಿಲ್ಲವೇ ಅಂದರೆ, ಇವೆ. 2015ರಲ್ಲಿ ಪ್ರಧಾನಮಂತ್ರಿಗಳ ಹೆಸರಿನದು ಬಂತು, 2017ರಲ್ಲಿ ಮುಖ್ಯಮಂತ್ರಿಗಳ ಹೆಸರಿನದು. ಅವು ನಮ್ಮೂರಿನ ಹುಡುಗರನ್ನು ಹೇಗೆ ತಲುಪುತ್ತವೆ ಎಂಬುದಕ್ಕೆ ನನ್ನ ಅಕ್ಕನ ಮಗನ ಕಥೆ ಕೇಳಿ.

ಯಾವುದೋ ಖಾಸಗಿ ತರಬೇತಿ ಸಂಸ್ಥೆಯವರು ಪೇಟೆಯಲ್ಲಿ ಒಂದು ಹಾಲ್ ಬಾಡಿಗೆಗೆ ಹಿಡಿದು, ವೈರಿಂಗ್ ಕಲಿಸುತ್ತೇವೆಂದು ಹುಡುಗರನ್ನು ಸೇರಿಸಿಕೊಂಡರು. ಹಾಜರಿಗೆ ಬೆಳಿಗ್ಗೆ ಹೆಬ್ಬೆಟ್ಟು, ಸಂಜೆ ಹೆಬ್ಬೆಟ್ಟು. ನಡುವೆ ಮೊಬೈಲ್. ಗೋಡೆಗೆ ಒಂದು ವೈರಿಂಗ್ ಬೋರ್ಡ್ ಹೊಡೆದಿದ್ದರಂತೆ. ಮುಟ್ಟಬೇಡಿ, ಇನ್‌ಸ್ಪೆಕ್ಷನ್ನಿಗೆ ಬೇಕು ಅಂತಿದ್ದರಂತೆ. ಕೊನೆಯ ದಿನ ಭರ್ಜರಿ ಸಮಾರಂಭ. ಹುಡುಗರನ್ನು ಸಾಲಾಗಿ ವೇದಿಕೆಗೆ ಹತ್ತಿಸಿ, ಕೈಗೊಂದು ಫೈಲ್ ಕೊಟ್ಟು, ನೇಮಕಾತಿ ಪತ್ರ ವಿತರಣೆ ಎಂದು ಮೈಕಿನಲ್ಲಿ ಕೂಗಿದರು. ನನ್ನ ಅಕ್ಕ ಮುಂದಿನ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಂಡಳು. ವೇದಿಕೆಯ ಹಿಂದಿನ ಮೆಟ್ಟಿಲಲ್ಲಿ ಒಬ್ಬ ರಟ್ಟಿನ ಡಬ್ಬ ಹಿಡಿದು ನಿಂತಿದ್ದ. ಇಳಿದವರಿಂದ ಫೈಲ್ ವಾಪಸ್ ತೆಗೆದುಕೊಳ್ಳುವುದು ಅವನ ಕೆಲಸ! 'ಇದು ಫೋಟೋಗೆ, ಒರಿಜಿನಲ್ ಆಮೇಲೆ ಮೇಲ್‌ಗೆ ಬರುತ್ತೆ' ಅಂದನಂತೆ. ಹುಡುಗ ಕೊಡುವ ಮುಂಚೆ ತೆರೆದು ನೋಡಿದ್ದಾನೆ. ಒಳಗಿದ್ದದ್ದು ಅದೇ ಸಮಾರಂಭದ ಆಹ್ವಾನ ಪತ್ರಿಕೆ.

ಒರಿಜಿನಲ್ ಇವತ್ತಿಗೂ ಬಂದಿಲ್ಲ. ಹುಡುಗ ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ಒಂದರ ಗೇಟಿನಲ್ಲಿ ನಿಂತು ಕಾರುಗಳ ನಂಬರ್ ಬರೆದುಕೊಳ್ಳುತ್ತಾನೆ. ಕಡತದಲ್ಲಿ ಅವನು 'ಉದ್ಯೋಗ ಪಡೆದ ಫಲಾನುಭವಿ' ಆಗಿದ್ದರೂ ಇರಬಹುದು, ಯಾರಿಗೆ ಗೊತ್ತು. ತಾವು ಆ ವೇದಿಕೆಯಲ್ಲಿ ಇರಲಿಲ್ಲ, ನಿಜ. ಆದರೆ ಅಲ್ಲಿ ಖರ್ಚಾದದ್ದು ಜನರ ದುಡ್ಡಲ್ಲವೇ ಮಾರಾಯ್ರೇ?

ಸರಿ, ನಾನೇ ಕಲಿಸುತ್ತೇನೆ, ಒಬ್ಬ ಹುಡುಗನನ್ನು ಅಪ್ರೆಂಟಿಸ್ ಆಗಿ ಕೊಡಿ ಎಂದು ಕೇಳಿದೆ. ಅಪ್ರೆಂಟಿಸ್ ಕಾಯ್ದೆ ತಮಗೆ ಗೊತ್ತಿರುವಂಥದ್ದೇ. 30 ಮತ್ತು ಅದಕ್ಕಿಂತ ಹೆಚ್ಚು ಜನರಿರುವ ಕಡೆ ಅಪ್ರೆಂಟಿಸ್ ಕಡ್ಡಾಯ, 4ರಿಂದ 29 ಇದ್ದರೆ ಇಷ್ಟವಿದ್ದರೆ ಇಟ್ಟುಕೊಳ್ಳಬಹುದು. ನನ್ನಲ್ಲಿರುವುದು ಇಬ್ಬರು. ಅಂದರೆ ಕಾನೂನಿನ ಕಣ್ಣಿಗೆ ನಾನು ಕಾಣುವುದೇ ಇಲ್ಲ. ಜಿಲ್ಲೆಯ ಪಲ್ಪರುಗಳೆಲ್ಲ ರಿಪೇರಿಗೆ ಬರುವುದು ಇಂಥ ಕಾಣದ ವರ್ಕ್‌ಶಾಪುಗಳಿಗೇ.

ಅದೇ 1961ರ ಕಾಯ್ದೆಯಲ್ಲಿ ಹಲವು ಮಾಲೀಕರು ಒಟ್ಟು ಸೇರಿ ತರಬೇತಿ ಕೊಡುವುದಕ್ಕೂ ದಾರಿ ಇದೆ. ಮೂಡಿಗೆರೆ, ಕೊಪ್ಪ, ಆಲ್ದೂರಿನ ನಾಲ್ಕಾರು ವರ್ಕ್‌ಶಾಪುಗಳನ್ನು ಸೇರಿಸಿ. ಹತ್ತಿರದ ಐಟಿಐನಲ್ಲಿ ಫಿಟ್ಟರ್, ಎಲೆಕ್ಟ್ರಿಷಿಯನ್ ಓದುವವರನ್ನು ಸೀಸನ್ನಿನಲ್ಲಿ ನಮ್ಮ ಹತ್ತಿರ ಕಳಿಸಿ. ಅದು ಕೇಂದ್ರದ ಕಾಯ್ದೆ, ನಮ್ಮ ಕೈಯಲ್ಲಿಲ್ಲ ಎನ್ನಬೇಡಿ. ಆ ಉತ್ತರ ನನ್ನ ಡ್ರಾಯರಿನಲ್ಲಿ ಆಗಲೇ ಇದೆ. ಹಾಲ್ ಬಾಡಿಗೆ, ಶಾಲು, ಹಾರಕ್ಕೆ ಹೋಗುವ ದುಡ್ಡನ್ನು ಸ್ಟೈಪೆಂಡಿಗೆ ತಿರುಗಿಸಿ, ಸಾಕು.

ಹೊಸ ಕಟ್ಟಡ ಬೇಡ. ಆ್ಯಪ್ ಬೇಡ. ತೋಟದ ಮಿಷನ್ ರಿಪೇರಿಯನ್ನು ತೋಟದ ಜಿಲ್ಲೆಯಲ್ಲೇ, ವರ್ಕ್‌ಶಾಪಿನಲ್ಲೇ ಕಲಿಸಿ. ಇಷ್ಟನ್ನೇ ಮತ್ತೆ ಮತ್ತೆ ಕೇಳುತ್ತಿರುವುದು.

ನವೆಂಬರಿಗೆ ಅರೇಬಿಕಾ ಕೊಯ್ಲು ಶುರು. ಅಷ್ಟರೊಳಗೆ ಆದೇಶ ಮಾಡಿಸಿದರೆ ಇದೇ ಸೀಸನ್ನಿಗೆ ಇಬ್ಬರು ಹುಡುಗರನ್ನು ಕಳಿಸಬಹುದು. ಮಧ್ಯಾಹ್ನದ ಊಟ ನಮ್ಮ ಮನೆಯದೇ. ಹೆಬ್ಬೆಟ್ಟಿನ ಮಿಷನ್ ಬೇಕೇ ಬೇಕೆಂದರೆ ತಂದಿಡಿ, ಪಲ್ಪರಿನ ಪಕ್ಕದಲ್ಲಿಡಿ.

ಇಂತಿ,
ಆಲ್ದೂರು ಕಡೆಯ ಒಬ್ಬ ಪಲ್ಪರ್ ಮೆಕ್ಯಾನಿಕ್